ಗುಳೆ: ಜನಪದರ ಗ್ರಹಿಕೆ ಮತ್ತು ರಾಜ್ಯದ ನೀತಿ

ಮಳೆ ಕೈಕೊಟ್ಟ ವರ್ಷಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳ, ವಿಜಯಪುರ ಜಿಲ್ಲೆಗಳ ಅನೇಕ ಊರುಗಳೂ ತಾಂಡಾಗಳೂ ದೀಪಾವಳಿ ಕಳೆಯುತ್ತಿದ್ದಂತೆ ಬರಿದಾಗತೊಡಗುತ್ತವೆ. ಬೆಂಗಳೂರಿನ ಕಟ್ಟಡ ಕಾಮಗಾರಿಗಳಿಗೆ, ಮಂಡ್ಯ, ಬೆಳಗಾವಿ ಹಾಗೂ ಮಹಾರಾಷ್ಟ್ರದ ಕಬ್ಬಿನ ಸೀಮೆಗಳಿಗೆ, ಮುಂಬಯಿ, ಪುಣೆ, ಗೋವಾಗಳಿಗೆ ಸಂಸಾರ ಸಮೇತ ಹೊರಡುವ ಜನ ಯುಗಾದಿಗೋ ಕಾರಹುಣ್ಣಿಮೆಗೋ ಮರಳುತ್ತಾರೆ. ಈ ಹೋಗಿಬರುವಿಕೆಗೆ ಆ ಸೀಮೆಯವರು ಇಟ್ಟಿರುವ ಹೆಸರು ಗುಳೆ. ಆಡಳಿತದ ಕಡತಗಳಲ್ಲಿ ಈ ಪದ ಬಹುಮಟ್ಟಿಗೆ ಒಂದೇ ಕ್ರಿಯಾಪದದ ಜೊತೆಗೆ ಕಾಣಿಸಿಕೊಳ್ಳುತ್ತದೆ: ತಡೆಗಟ್ಟುವುದು. ಜಾನಪದ ಸಂಶೋಧನೆಯ ಬರಹಗಳಲ್ಲಿಯೂ ಗುಳೆಯ ಪ್ರಸ್ತಾಪ ಬರುವುದು ಕಲೆಗಳು ಅಳಿಯುತ್ತಿರುವುದಕ್ಕೆ ಕಾರಣಗಳನ್ನು ಪಟ್ಟಿಮಾಡುವಾಗ ಮಾತ್ರ. ಈ ಎರಡು ನಿಲುವುಗಳ ಬುಡದಲ್ಲಿರುವ ನಂಬಿಕೆ ಒಂದೇ. ಮನುಷ್ಯ ತನ್ನ ಊರಿನಲ್ಲಿದ್ದಾಗ ಮಾತ್ರ ಪೂರ್ಣ ಪ್ರಜೆ, ಪೂರ್ಣ ಕಲಾವಿದ ಎಂಬುದೇ ಆ ನಂಬಿಕೆ. ಈ ನಂಬಿಕೆಯನ್ನು ಜನಪದರ ಗ್ರಹಿಕೆಯ ಬೆಳಕಿನಲ್ಲಿ ಪರಿಶೀಲಿಸಿ, ರಾಜ್ಯದ ನೀತಿ ಯಾವ ದಿಕ್ಕಿಗೆ ತಿರುಗಬೇಕೆಂಬುದನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಲಸೆ, ಗುಳೆ: ಪದಗಳ ಒಳಗಿನ ಸಮುದಾಯ

ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಮೊದಲ ಸಂಪುಟದಲ್ಲಿ ವಲಸೆ ಎಂಬ ಪದವನ್ನು ವಿವರಿಸಿದ್ದಾನೆ. ಶತ್ರುಸೈನ್ಯ ಸಮೀಪಿಸಿದಾಗ ಜನರು ಭಾರವಾದ ವಸ್ತುಗಳನ್ನು ನೆಲದಲ್ಲಿ ಹೂತು, ಹೊರಲು ಶಕ್ತರಾದ ಹೆಂಗಸರು ಮಕ್ಕಳೂ ಸೇರಿದಂತೆ ಎಲ್ಲರೂ ಧಾನ್ಯದ ಹೊರೆ ಹೊತ್ತು ಸೀಮೆ ಬಿಟ್ಟು ಹೊರಡುತ್ತಿದ್ದುದನ್ನು ಆತ ವರ್ಣಿಸುತ್ತಾನೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆತ ಕೇಳಿಸಿಕೊಂಡ ಬಳಕೆಯಲ್ಲಿ ವಲಸೆ ಎಂದರೆ ಹೋಗುವ ಕ್ರಿಯೆ ಮಾತ್ರವಲ್ಲ, ಹಾಗೆ ಹೊರಟ ಜನರ ಇಡೀ ಸಮೂಹ. ಒಂದು ಸೀಮೆಯ ವಲಸೆ ಎಂದರೆ ಆ ಸೀಮೆಯ ಜನವೇ. ಇಂದಿನ ಆಡಳಿತ ಭಾಷೆಯ ‘ವಲಸಿಗ’ ಮಾತ್ರ ಒಂಟಿ ವ್ಯಕ್ತಿ. ಊರು, ಬಳಗ, ಜೊತೆಗಾರರ ಸಂಬಂಧಗಳನ್ನೆಲ್ಲ ಕಳಚಿಕೊಂಡು ಒಂದು ನಮೂನೆಯ ಖಾಲಿ ಜಾಗದಲ್ಲಿ ತುಂಬಲ್ಪಡುವ ಹೆಸರು.

ಗುಳೆ ಎಂಬ ಪದದಲ್ಲಿಯೂ ಈ ಸಾಮೂಹಿಕತೆ ಉಳಿದಿದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಗುಳೆ ‘ಏಳುತ್ತದೆ’. ದಂಡು, ದಂಗೆಗಳು ಏಳುವಂತೆಯೇ ಊರೂ ಗುಳೆ ಏಳುತ್ತದೆ. ಮನೆಯ ಒಬ್ಬ ಮಗ ಪಟ್ಟಣದ ನೌಕರಿಗೆ ಹೋದರೆ ಅದು ದುಡಿಯಲು ಹೋದದ್ದು. ಬಾಗಿಲಿಗೆ ಕೀಲಿ ಬಿದ್ದು ಓಣಿಗೆ ಓಣಿಯೇ ಹೊರಟರೆ ಅದು ಗುಳೆ. ಬೇರೆಬೇರೆ ಬಗೆಯ ಚಲನೆಗಳ ನಡುವಿನ ಈ ವ್ಯತ್ಯಾಸವನ್ನು ಜನರ ನುಡಿ ಗುರುತಿಸಿದಷ್ಟು ಸ್ಪಷ್ಟವಾಗಿ ಅಂಕಿಅಂಶಗಳು ಗುರುತಿಸಿಲ್ಲ. 2011ರ ಜನಗಣತಿ ದೇಶದಲ್ಲಿ 45 ಕೋಟಿಗೂ ಹೆಚ್ಚು ಆಂತರಿಕ ವಲಸಿಗರನ್ನು ದಾಖಲಿಸಿತು. ಹುಟ್ಟಿದ ಸ್ಥಳ ಮತ್ತು ಹಿಂದಿನ ವಾಸಸ್ಥಳಗಳನ್ನು ಆಧರಿಸಿದ ಈ ಎಣಿಕೆಯಲ್ಲಿ ಮದುವೆಯಾಗಿ ಪಕ್ಕದ ಊರಿಗೆ ಹೋದ ಹೆಣ್ಣುಮಗಳೂ ಸೇರುತ್ತಾಳೆ. ಆದರೆ ವರ್ಷದಲ್ಲಿ ಐದಾರು ತಿಂಗಳು ಹೊರಗಿದ್ದು ಮರಳುವವರನ್ನು ಹಿಡಿಯಲು ಅದರ ಬಲೆಯ ಕಣ್ಣುಗಳು ತೀರ ದೊಡ್ಡವು. ಆ ಗಣತಿ ನಡೆದದ್ದು ಫೆಬ್ರುವರಿಯಲ್ಲಿ, ಅಂದರೆ ಗುಳೆಯ ನಡುಹಂಗಾಮಿನಲ್ಲಿ, ಎಂಬುದನ್ನೂ ಮರೆಯುವಂತಿಲ್ಲ.

ಆಚರಣೆಯೊಂದು ಈ ಗ್ರಹಿಕೆಯನ್ನು ಮತ್ತಷ್ಟು ವಿಶದಪಡಿಸುತ್ತದೆ. ಮಧ್ಯ ಕರ್ನಾಟಕದ ಹಾಗೂ ಬಳ್ಳಾರಿ ಸೀಮೆಯ ಕೆಲವು ಗ್ರಾಮಗಳಲ್ಲಿ ರೋಗರುಜಿನ, ಬರಗಳು ತಟ್ಟದಿರಲೆಂದು ಇಡೀ ಊರು ಒಂದು ದಿನ ಮನೆಗಳನ್ನು ತೊರೆದು ಹೊರಗೆ ಬೀಡುಬಿಡುವ ಪದ್ಧತಿಯಿದೆ. ಇದಕ್ಕೆ ಹೊರಬೀಡು ಎನ್ನುವುದುಂಟು. ಕೆಲವೆಡೆ ಇದು ಗುಳೆ ಲಕ್ಕಮ್ಮನ ಹೆಸರಿನಲ್ಲಿ ನಡೆಯುತ್ತದೆ. ಮಕ್ಕಳು ಮುದುಕರೆನ್ನದೆ, ದನಕರುಗಳನ್ನೂ ಹೊಡೆದುಕೊಂಡು ಎಲ್ಲರೂ ಹೊರಡಬೇಕು. ಅಡುಗೆ, ಊಟ ಹೊರಗೇ. ನಿಗದಿಯಾದ ಹೊತ್ತಿಗೆ ಪೂಜೆ ಮುಗಿಸಿ ಎಲ್ಲರೂ ಮರಳಬೇಕು. ಈ ಆಚರಣೆ ಗುಳೆಯ ಆದರ್ಶ ರೂಪವನ್ನು ಕಟ್ಟಿಕೊಡುತ್ತದೆ. ಹೊರಡುವುದು ಇಲ್ಲಿ ಅಪರಾಧವಲ್ಲ, ಸಂಕಟದಿಂದ ಪಾರಾಗುವ ಉಪಾಯ. ಯಾರನ್ನೂ ಹಿಂದೆ ಬಿಡುವಂತಿಲ್ಲ. ಮರಳುವುದು ಹೊರಡುವುದರಷ್ಟೇ ಕಟ್ಟುನಿಟ್ಟಾದ ವಿಧಿ. ಇಂದಿನ ಗುಳೆ ಮುರಿದಿರುವುದು ಈ ನಿಯಮಗಳನ್ನೇ: ಮುದುಕರೂ ಕೆಲವೊಮ್ಮೆ ಮಕ್ಕಳೂ ಹಿಂದೆ ಉಳಿಯುತ್ತಾರೆ, ಮರಳುವ ದಿನವನ್ನು ಊರಲ್ಲ, ಮುಂಗಡ ಕೊಟ್ಟ ಮುಕಾದಮ ನಿರ್ಧರಿಸುತ್ತಾನೆ. ಆದುದರಿಂದ ನೀತಿಯ ಮುಂದಿರುವ ಪ್ರಶ್ನೆ ಜನ ಏಕೆ ಹೊರಡುತ್ತಾರೆ ಎಂಬುದಷ್ಟೇ ಅಲ್ಲ. ಯಾವ ಭರವಸೆಯ ಮೇಲೆ ಹೊರಡುತ್ತಾರೆ, ಹೇಗೆ ಮರಳುತ್ತಾರೆ ಎಂಬುದೂ ಹೌದು.

ಬರ ಸಂಹಿತೆಯಿಂದ ಗುಳೆ ತಡೆಯವರೆಗೆ

ಗುಳೆಯನ್ನು ತಡೆಯಬೇಕಾದ ಉಪದ್ರವವೆಂದು ನೋಡುವ ದೃಷ್ಟಿಗೆ ವಸಾಹತುಶಾಹಿ ಹಿನ್ನೆಲೆಯಿದೆ. 1876-78ರ ಮಹಾಕ್ಷಾಮದ ನಂತರ ನೇಮಕವಾದ ಆಯೋಗ 1880ರಲ್ಲಿ ವರದಿ ನೀಡಿತು. ಅದನ್ನನುಸರಿಸಿ ರೂಪುಗೊಂಡ ಬರ ಸಂಹಿತೆಗಳು ಜನರ ಗೊತ್ತುಗುರಿಯಿಲ್ಲದ ಅಲೆದಾಟವನ್ನು ಬರದ ಮುನ್ಸೂಚನೆಗಳಲ್ಲಿ ಒಂದೆಂದು ಪರಿಗಣಿಸಿದವು. ಬರ ಪ್ರದೇಶವನ್ನು ಬೇಗನೆ ಗುರುತಿಸಲು ಇದರಿಂದ ಉಪಯೋಗವಾದುದು ನಿಜ. ಆದರೆ ಹೊರಟವರಿಗೆ ಎತ್ತ ಹೋಗಬೇಕು, ಯಾರ ಬಳಿ ಕೆಲಸ ಸಿಗುತ್ತದೆ ಎಂಬ ತಿಳಿವಳಿಕೆ ಇರಬಹುದೆಂಬುದನ್ನು ಅಧಿಕಾರಿಗಳ ಈ ಪರಿಭಾಷೆ ಕಾಣಲಿಲ್ಲ. ಇದೇ ಕಾಲದಲ್ಲಿ ಅಲೆಮಾರಿ ಸಮುದಾಯಗಳ ಮೇಲೆ ಹೇರಲಾದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಚಲನೆಯನ್ನೇ ಅಪರಾಧದ ಲಕ್ಷಣವನ್ನಾಗಿಸಿತು. ಪೊಲೀಸರ ಮುಂದೆ ಹಾಜರಿ, ಊರು ಬಿಡಲು ಪರವಾನಗಿ ಮುಂತಾದ ಕ್ರಮಗಳು ಜಾರಿಗೆ ಬಂದವು. ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥವರನ್ನು ಕೂಡಿಹಾಕಿದ ವಸಾಹತುಗಳಿದ್ದವು. ಸೆಟ್ಲಮೆಂಟ್ ಎಂಬ ಸ್ಥಳನಾಮವು ಅದರ ನೆನಪನ್ನು ಉಳಿಸಿದೆ. 1952ರಲ್ಲಿ ಕಾಯ್ದೆ ರದ್ದಾಯಿತು. ಆದರೆ ನಿಂತ ನೆಲೆಯಿಲ್ಲದವನು ನಂಬಿಕೆಗೆ ಅರ್ಹನಲ್ಲ ಎಂಬ ಭಾವನೆ ಅದರೊಂದಿಗೆ ರದ್ದಾಗಲಿಲ್ಲ.

ಸ್ವಾತಂತ್ರ್ಯೋತ್ತರ ಕಾಲದ ಯೋಜನೆಗಳು ಈ ದೃಷ್ಟಿಗೆ ಕರುಣೆಯ ಸ್ಪರ್ಶ ನೀಡಿದವು. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದೂ ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿ, ಪ್ರಾದೇಶಿಕ ಅಸಮಾನತೆಗೆ ಅಳತೆಗೋಲು ಒದಗಿಸಿತು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ 2006ರಲ್ಲಿ ಜಾರಿಯಾದಾಗ ರಾಯಚೂರು, ಗುಲಬರ್ಗಾ, ಬೀದರ್ ಜಿಲ್ಲೆಗಳು ಮೊದಲ ಹಂತದಲ್ಲಿಯೇ ಸೇರಿದವು. ವರ್ಷಕ್ಕೆ 100 ದಿನಗಳ ಕೆಲಸದ ಹಕ್ಕು ಸಣ್ಣದಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಬದಲಿಗೆ ತಂದ ಕಾಯ್ದೆ ಈ ಮಿತಿಯನ್ನು 125 ದಿನಗಳಿಗೆ ಏರಿಸಿದೆ. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲು ಅವಕಾಶ ಕಲ್ಪಿಸಿದೆ. ಈ ಬಗೆಯ ಕ್ರಮಗಳು ಊರಲ್ಲಿ ಉಳಿಯಬಯಸುವವರಿಗೆ ಆಸರೆ. ಆದರೆ ಉಳಿಯುವ ಹಕ್ಕೆಂದರೆ ಹೋಗುವ ಹಕ್ಕಿನ ನಿರಾಕರಣೆಯಲ್ಲ. ಸಂವಿಧಾನದ 19ನೆಯ ವಿಧಿ ದೇಶದೊಳಗೆ ಎಲ್ಲಿಗಾದರೂ ಹೋಗುವ, ಎಲ್ಲಿಯಾದರೂ ನೆಲೆಸುವ ಸ್ವಾತಂತ್ರ್ಯವನ್ನು ಪ್ರತಿ ಪ್ರಜೆಗೂ ನೀಡಿದೆ. ಗುಳೆ ಹೋದವರ ಸಂಖ್ಯೆ ಇಳಿದಿದೆಯೇ ಎಂಬ ಒಂದೇ ಪ್ರಶ್ನೆಯಿಂದ ಯೋಜನೆಯ ಯಶಸ್ಸನ್ನು ಅಳೆಯುವವರೆಗೆ, ಹೋದವರ ಗತಿ ಏನಾಯಿತೆಂದು ಕೇಳುವ ಹೊಣೆ ಯಾರದ್ದೂ ಆಗುವುದಿಲ್ಲ.

ಕಾನೂನಿನ ಗಡಿ, ಬದುಕಿನ ಗಡಿ

ವಲಸೆ ಕಾರ್ಮಿಕರಿಗಾಗಿಯೇ ರೂಪುಗೊಂಡ ಮೊದಲ ಪ್ರಮುಖ ಕಾನೂನು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ಗುತ್ತಿಗೆದಾರನಿಗೆ ಪರವಾನಗಿ, ಕಾರ್ಮಿಕನಿಗೆ ಪಾಸ್‌ಬುಕ್, ಪ್ರಯಾಣ ಭತ್ಯೆ, ಊರು ಬಿಟ್ಟುದಕ್ಕಾಗಿ ಸ್ಥಳಾಂತರ ಭತ್ಯೆಗಳನ್ನು ಅದು ವಿಧಿಸಿತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು ಆ ಕಾಯ್ದೆಯ ಸ್ಥಾನವನ್ನು ಪಡೆಯಿತು. ಗುತ್ತಿಗೆದಾರನ ಮೂಲಕವಲ್ಲದೆ ತಾನಾಗಿ ಬಂದ ಕಾರ್ಮಿಕನನ್ನೂ ಒಳಗೊಂಡಿರುವುದು ಸಂಹಿತೆಯ ಗುಣ. ಸ್ಥಳಾಂತರ ಭತ್ಯೆಯನ್ನು ಕೈಬಿಟ್ಟಿರುವುದೂ, ಐವರು ವಲಸೆ ಕಾರ್ಮಿಕರಿದ್ದ ಸಂಸ್ಥೆಗೆ ಅನ್ವಯಿಸುತ್ತಿದ್ದ ವಿಧಿಗಳನ್ನು ಹತ್ತು ಮಂದಿಗೆ ಏರಿಸಿರುವುದೂ ಅದರ ಕೊರತೆ. ಎರಡರಲ್ಲಿಯೂ ಬದಲಾಗದೆ ಉಳಿದದ್ದು ‘ಅಂತರರಾಜ್ಯ’ ಎಂಬ ವಿಶೇಷಣ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ರಾಯಚೂರಿನ ಗಡಿಯಿಂದ ಕೃಷ್ಣೆಯಾಚೆಯ ತೆಲಂಗಾಣದ ಊರಿಗೆ ಹೋದವನು ಕಾನೂನಿನ ಕಣ್ಣಿನಲ್ಲಿ ವಲಸೆ ಕಾರ್ಮಿಕ. ಅದೇ ಊರಿನಿಂದ ನಾನೂರು ಕಿಲೋಮೀಟರು ದೂರದ ಬೆಂಗಳೂರಿಗೆ ಬಂದು ಕಾಮಗಾರಿಯ ಷೆಡ್ಡಿನಲ್ಲಿ ಇರುವವನು ವಲಸೆ ಕಾರ್ಮಿಕನಲ್ಲ. ಜನರ ದೃಷ್ಟಿಯಲ್ಲಿ ಇಬ್ಬರೂ ಗುಳೆ ಹೋದವರೇ. ಜನಪದರ ಪದ ಬದುಕಿನ ಸ್ಥಿತಿಯನ್ನು ಹೇಳುತ್ತದೆ. ಕಾನೂನಿನ ಪದ ನಕ್ಷೆಯ ಗೆರೆಯನ್ನು ಹೇಳುತ್ತದೆ. ಕಬ್ಬಿನ ಕಟಾವಿನಲ್ಲಿ ಈ ಅಂತರ ಇನ್ನೂ ಸೂಕ್ಷ್ಮವಾಗುತ್ತದೆ. ಅಲ್ಲಿನ ವಾಡಿಕೆಯಲ್ಲಿ ಗಂಡಹೆಂಡತಿ ಜೋಡಿಗೆ ಒಂದು ‘ಕೊಯ್ತಾ’ ಎಂಬ ಲೆಕ್ಕ. ಮುಂಗಡ ಸಾಮಾನ್ಯವಾಗಿ ಗಂಡನ ಕೈಸೇರುತ್ತದೆ. ಹೆಂಡತಿಯ ದುಡಿಮೆ ಇಬ್ಬರ ಲೆಕ್ಕದಲ್ಲಿ ಕರಗಿಹೋಗುತ್ತದೆ. ಮುಂಗಡ ತೀರದೆ ಕೆಲಸ ಬಿಡಲಾಗದ ಸ್ಥಿತಿಯನ್ನು 1976ರ ಜೀತಪದ್ಧತಿ ರದ್ದತಿ ಕಾಯ್ದೆ ನಿಷೇಧಿಸಿದೆ. ಆದರೆ ಹೆಸರೇ ಇಲ್ಲದ ಕೂಲಿಗಾರ್ತಿ ಆ ಕಾಯ್ದೆಯ ಬಾಗಿಲು ತಟ್ಟುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ.

2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿದ್ದಾಗ ಇವೆಲ್ಲವೂ ಒಮ್ಮೆಲೇ ಬಯಲಾದವು. ಬೆಂಗಳೂರಿನಿಂದ ಉತ್ತರದ ಜಿಲ್ಲೆಗಳಿಗೆ ಮರಳಲು ಮೇ ತಿಂಗಳ ಆರಂಭದಲ್ಲಿ ಬಸ್ಸುಗಳನ್ನು ಬಿಟ್ಟಾಗ ಮೊದಲು ದುಬಾರಿ ದರ ವಿಧಿಸಿ, ಟೀಕೆಗಳು ಬಂದ ಮೇಲೆ ಪ್ರಯಾಣವನ್ನು ಉಚಿತಗೊಳಿಸಲಾಯಿತು. ಹೊರರಾಜ್ಯದವರಿಗಾಗಿ ಕೋರಿದ್ದ ರೈಲುಗಳನ್ನು ರಾಜ್ಯ ಸರ್ಕಾರ ಮೇ 5ರಂದು ಬೇಡವೆಂದು ತಿಳಿಸಿ, ಕೆಲವೇ ದಿನಗಳಲ್ಲಿ ನಿರ್ಧಾರ ಬದಲಿಸಿತು. ನಿರ್ಮಾಣೋದ್ಯಮಿಗಳೊಂದಿಗೆ ಸಭೆ ನಡೆದ ಬೆನ್ನಿಗೇ ಬಂದ ಆ ಮೊದಲ ನಿರ್ಧಾರದ ಅರ್ಥ ಸ್ಪಷ್ಟವಿತ್ತು: ಶ್ರಮ ಬೇಕು, ಶ್ರಮಿಕನ ಮರಳುವ ಹಕ್ಕು ಬೇಡ. ಹೊರಬೀಡಿನ ವಿಧಿಯಲ್ಲಿ ಯಾವುದು ಅನಿವಾರ್ಯವೋ ಅದನ್ನೇ ಆಡಳಿತ ಐಚ್ಛಿಕವೆಂದು ಭಾವಿಸಿತು.

ಎರಡು ನೆಲಸಮಗಳು

ಗೋವಾದ ವಾಸ್ಕೋ ಸಮೀಪದ ಬೈನಾ ಕಡಲತೀರದ ಗುಡಿಸಲುಗಳನ್ನು 2004ರಲ್ಲಿ ಅಲ್ಲಿನ ಆಡಳಿತ ಕೆಡವಿತು. ನೆಲೆ ಕಳೆದುಕೊಂಡವರಲ್ಲಿ ಉತ್ತರ ಕರ್ನಾಟಕದಿಂದ ಹೋದ ದುಡಿಮೆಗಾರರು ಅನೇಕರಿದ್ದರು. ಈ ಘಟನೆ ಕರ್ನಾಟಕದಲ್ಲಿ ಗಡಿಯಾಚೆಯ ಕನ್ನಡಿಗರ ಮೇಲಿನ ಅನ್ಯಾಯವಾಗಿ ಚರ್ಚೆಗೊಳಗಾಯಿತು. ಆ ಕಳಕಳಿ ಸಹಜ. ಆದರೆ 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಸಮೀಪದ ಕರಿಯಮ್ಮನ ಅಗ್ರಹಾರದಲ್ಲಿ ಷೆಡ್ಡುಗಳನ್ನು ಕೆಡವಿದ್ದು ಕರ್ನಾಟಕದ ಆಡಳಿತವೇ. ಅಲ್ಲಿ ಅಕ್ರಮ ಬಾಂಗ್ಲಾದೇಶೀಯರಿದ್ದಾರೆಂಬ ಆರೋಪ ಅದಕ್ಕೆ ಹಿನ್ನೆಲೆಯಾಗಿತ್ತು. ನೆಲೆ ಕಳೆದುಕೊಂಡವರಲ್ಲಿ ಈಶಾನ್ಯ ಭಾರತದವರ ಜೊತೆಗೆ ಉತ್ತರ ಕರ್ನಾಟಕದ ಕುಟುಂಬಗಳೂ ಇದ್ದವು. ಅನೇಕರು ತಮ್ಮ ಗುರುತಿನ ಚೀಟಿಗಳನ್ನು ಹಿಡಿದು ತೋರಿಸಬೇಕಾಯಿತು. ರಾಜ್ಯದ ಉಚ್ಚ ನ್ಯಾಯಾಲಯ ಈ ಕ್ರಮವನ್ನು ಆಕ್ಷೇಪಿಸಿ, ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು.

ಈ ಎರಡು ಘಟನೆಗಳನ್ನು ಜೊತೆಯಲ್ಲಿಟ್ಟು ನೋಡಿದಾಗ ಒಂದು ಸತ್ಯ ಹೊಳೆಯುತ್ತದೆ. ಗೋವಾದಲ್ಲಿ ‘ಹೊರಗಿನವರು’ ಎನಿಸಿಕೊಂಡವರ ಬಂಧುಬಳಗದಂಥವರೇ ತಮ್ಮದೇ ರಾಜಧಾನಿಯಲ್ಲಿಯೂ ಹೊರಗಿನವರಾದರು. ಅವರನ್ನು ಪರಕೀಯರನ್ನಾಗಿಸಿದ್ದು ಭಾಷೆಯಲ್ಲ, ರಾಜ್ಯದ ಗಡಿಯೂ ಅಲ್ಲ, ಷೆಡ್ಡು. ಹೀಗಾಗಿ ವಲಸಿಗರ ಹಕ್ಕನ್ನು ‘ನಮ್ಮವರು’, ‘ಪರರು’ ಎಂಬ ವಿಂಗಡಣೆಯ ಮೇಲೆ ಕಟ್ಟಲು ಹೊರಟರೆ ಅದು ಕೊನೆಗೆ ನಮ್ಮವರನ್ನೂ ಕಾಯುವುದಿಲ್ಲ. ಷೆಡ್ಡಿನಲ್ಲಿರುವ ಅಸ್ಸಾಮಿನವನಿಗೆ ದೊರೆಯದ ರಕ್ಷಣೆ ಪಕ್ಕದ ಷೆಡ್ಡಿನ ಯಾದಗಿರಿಯವನಿಗೂ ದೊರೆಯಲಾರದು.

ಜಾನಪದ ಅಧ್ಯಯನದ ಹೊಣೆ

ಈ ಅಂಧತೆಯಲ್ಲಿ ಜಾನಪದ ಅಧ್ಯಯನಕ್ಕೂ ಪಾಲಿದೆ. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಂದಿನಿಂದ ಕನ್ನಡ ಜಾನಪದ ಸಂಗ್ರಹ ಬಹುದೊಡ್ಡ ಸಾಧನೆ ಮಾಡಿದೆ. ಆದರೆ ಹಾಡಿದವರ ಹೆಸರಿನ ಮುಂದೆ ಊರು, ತಾಲೂಕು, ಜಿಲ್ಲೆಗಳನ್ನು ನಮೂದಿಸುವ ಕ್ರಮ ನಿಧಾನವಾಗಿ ಒಂದು ಸಿದ್ಧಾಂತವೇ ಆಯಿತು. ಹಾಡು ಊರಿನದು, ಊರು ಅಚಲ ಎಂಬ ಭಾವನೆ ಬೇರೂರಿತು. ಕಬ್ಬಿನ ಟೋಳಿಯ ಗುಡಿಸಲಿನಲ್ಲಿ, ಕಾಮಗಾರಿಯ ಷೆಡ್ಡಿನಲ್ಲಿ ಹುಟ್ಟುವ ಮಾತುಕತೆ, ಹಾಡು, ಹರಕೆಗಳು ಸಂಗ್ರಹಕಾರರ ಗಮನಕ್ಕೆ ಅಷ್ಟಾಗಿ ಬರಲಿಲ್ಲ. ಉಪ್ಪು, ಧಾನ್ಯಗಳನ್ನು ಎತ್ತುಗಳ ಮೇಲೆ ಹೇರಿಕೊಂಡು ಸೈನ್ಯಗಳಿಗೆ ಒದಗಿಸುತ್ತಿದ್ದ ಲಂಬಾಣಿಗರ ತಾಂಡಾವನ್ನು ಕೂಡ ಒಂದು ಬಗೆಯ ಹಳ್ಳಿಯಾಗಿಯೇ ವರ್ಣಿಸಲಾಯಿತು. ಚಲನೆಗಾಗಿಯೇ ರೂಪುಗೊಂಡ ಸಂಘಟನೆಯಾಗಿ ಅದನ್ನು ನೋಡಿದ್ದು ಕಡಿಮೆ.

ಪ್ರಸಿದ್ಧ ಕಥನಗೀತೆ ‘ಕೆರೆಗೆ ಹಾರ’ವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕಾಗಿದೆ. ತ್ಯಾಗ, ಪಾತಿವ್ರತ್ಯ, ಪುರುಷಪ್ರಧಾನತೆಗಳ ನೆಲೆಯಲ್ಲಿ ಈ ಗೀತೆ ಸಾಕಷ್ಟು ಚರ್ಚೆಯಾಗಿದೆ. ಕಿರಿಸೊಸೆ ಭಾಗೀರಥಿಯನ್ನು ಕೆರೆಗೆ ಬಲಿ ಕೊಡಲು ತೀರ್ಮಾನವಾದಾಗ ಆಕೆಯ ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ಅಂದರೆ ಊರಾಚೆ ದುಡಿಮೆಯಲ್ಲಿದ್ದಾನೆ ಎಂಬ ಸಂಗತಿ ಮಾತ್ರ ಹಿನ್ನೆಲೆಗೆ ಸರಿದಿದೆ. ನೀರಿನ ಬಗೆಗಿನ ನಿರ್ಣಯ ಊರಿನಲ್ಲಿ ಆಗುತ್ತದೆ. ಅದರಿಂದ ಎಲ್ಲವನ್ನೂ ಕಳೆದುಕೊಳ್ಳುವವನು ಊರಲ್ಲಿಲ್ಲ. ಕೆಟ್ಟ ಕನಸು ಕಂಡು ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿದೆ. ಗೈರುಹಾಜರಾದವರ ಬಾಳನ್ನು ಹಾಜರಿದ್ದವರು ತೀರ್ಮಾನಿಸುವ ಈ ದುರಂತ ಇಂದಿನ ಗ್ರಾಮಸಭೆಗೂ ಅನ್ವಯಿಸುತ್ತದೆ. ಮನೆ ಹಂಚಿಕೆಯ ಫಲಾನುಭವಿಗಳ ಪಟ್ಟಿ, ಕೆರೆ ಹೂಳೆತ್ತುವ ಕಾಮಗಾರಿ, ಶಾಲೆಯ ಪ್ರಶ್ನೆಗಳು ಗುಳೆಯ ತಿಂಗಳುಗಳಲ್ಲಿ ಸಭೆಯ ಮುಂದೆ ಬಂದರೆ ಹೋದವರ ಹೆಸರು ತಾನಾಗಿಯೇ ಬಿಟ್ಟುಹೋಗುತ್ತದೆ.

ರಾಜ್ಯವು ಮಾಡಬಹುದಾದದ್ದು

ಅಂತರರಾಜ್ಯ ವಲಸೆ ಸಂವಿಧಾನದ ಕೇಂದ್ರ ಪಟ್ಟಿಯ ವಿಷಯ. ಆದರೆ ಕಾರ್ಮಿಕರ ಕಲ್ಯಾಣ, ಸಾಮಾಜಿಕ ಭದ್ರತೆಗಳು ಸಮವರ್ತಿ ಪಟ್ಟಿಯಲ್ಲಿವೆ. ರಾಜ್ಯದೊಳಗಿನ ಗುಳೆಯ ಬಗೆಗೆ ಕಾನೂನು ರಚಿಸಲು ರಾಜ್ಯಕ್ಕೆ ಅವಕಾಶವಿದೆ. ನಿಗದಿತ ಕಾರ್ಯಸ್ಥಳವಿಲ್ಲದ ದುಡಿಮೆಗಾರನಿಗೂ ಹಕ್ಕನ್ನು ಅಂಟಿಸಬಹುದೆಂಬುದನ್ನು ಕರ್ನಾಟಕ 2025ರಲ್ಲಿ ಜಾರಿಗೆ ತಂದ ಗಿಗ್ ಕಾರ್ಮಿಕರ ಕಲ್ಯಾಣ ಕಾಯ್ದೆ ತೋರಿಸಿಕೊಟ್ಟಿದೆ. ಪ್ರತಿ ವಹಿವಾಟಿನ ಮೇಲೆ ಶುಲ್ಕ ವಿಧಿಸಿ ಕಲ್ಯಾಣ ನಿಧಿ ಕಟ್ಟುವ ಆ ತತ್ವವನ್ನು ಕಬ್ಬಿನ ಪ್ರತಿ ಟನ್ನಿಗೂ ಅನ್ವಯಿಸಬಹುದು. ಕೊಯ್ತಾದ ಲೆಕ್ಕವನ್ನು ಒಡೆದು ಗಂಡ, ಹೆಂಡತಿ ಇಬ್ಬರ ಹೆಸರನ್ನೂ ನೋಂದಾಯಿಸಿ ಕೂಲಿಯನ್ನು ಬೇರೆಬೇರೆಯಾಗಿ ಪಾವತಿಸುವುದು ಇದರ ಮೊದಲ ಷರತ್ತಾಗಬೇಕು.

ನೋಂದಣಿಯ ವಿಷಯದಲ್ಲಿ ಎಚ್ಚರ ಅಗತ್ಯ. ಪುಸ್ತಕದಲ್ಲಿ ಹೆಸರು ಬರೆಸಿ ಊರು ಬಿಡುವ ಪದ್ಧತಿ ಅಲೆಮಾರಿ ಸಮುದಾಯಗಳಿಗೆ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕಾಲವನ್ನು ನೆನಪಿಸುತ್ತದೆ. ಪಂಚಾಯಿತಿಯ ದಾಖಲೆ ಪೊಲೀಸರ ಪಟ್ಟಿಯಾಗದೆ, ಪಡಿತರ, ಶಾಲೆ, ಚಿಕಿತ್ಸೆಗಳಿಗೆ ದಾರಿಯ ರಹದಾರಿಯಾಗಬೇಕು. ಪಡಿತರ ಚೀಟಿಯನ್ನು ಎಲ್ಲಿಯಾದರೂ ಬಳಸುವ ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲಿ ಸೇರಿತು. ಹಕ್ಕು ಜನರ ಜೊತೆ ಸಾಗಬಲ್ಲದೆಂಬುದಕ್ಕೆ ಅದೊಂದು ನಿದರ್ಶನ.

ಮಕ್ಕಳ ವಿಷಯ ಹೆಚ್ಚು ಜರೂರಿನದು. ಕಬ್ಬಿನ ಹಂಗಾಮು ಶಾಲಾ ವರ್ಷದ ಉತ್ತರಾರ್ಧವನ್ನು ನುಂಗುತ್ತದೆ. ವರ್ಗಾವಣೆ ಪತ್ರ ಇಲ್ಲವೆಂಬ ಕಾರಣಕ್ಕೆ ಪ್ರವೇಶ ತಡೆಯಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಒಡಿಶಾದ ಬಲಾಂಗೀರ್, ನುವಾಪಡಾ ಜಿಲ್ಲೆಗಳಲ್ಲಿ ಇಟ್ಟಿಗೆ ಭಟ್ಟಿಗೆ ಹೋಗುವವರ ಮಕ್ಕಳಿಗಾಗಿ ಊರಲ್ಲಿಯೇ ಹಂಗಾಮಿ ವಸತಿನಿಲಯಗಳನ್ನು ನಡೆಸಲಾಗಿದೆ. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ 2017ರಲ್ಲಿ ಆರಂಭವಾದ ‘ರೋಶ್ನಿ’ ಯೋಜನೆ ಮಕ್ಕಳ ಮನೆಮಾತನ್ನು ಬಲ್ಲವರ ನೆರವಿನಿಂದ ಶಾಲೆಯ ಭಾಷೆಯನ್ನು ಕಲಿಸಿತು. ಕರ್ನಾಟಕದ ಟೆಂಟ್ ಶಾಲೆಗಳ ಅನುಭವಕ್ಕೆ ಇವೆರಡನ್ನೂ ಜೋಡಿಸಿಕೊಳ್ಳಬಹುದು. ಕಟ್ಟಡ ಕಾಮಗಾರಿಗಳಲ್ಲಿ ವಾಸಸ್ಥಾನ, ಶಿಶುವಿಹಾರಗಳನ್ನು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು. ಆದರೆ ಶಿಶುವಿಹಾರಕ್ಕೆ ಐವತ್ತಕ್ಕೂ ಹೆಚ್ಚು ಹೆಂಗಸರಿರಬೇಕೆಂಬ ಅದರ ನಿಬಂಧನೆಯಿಂದ ಸಣ್ಣ ಕಾಮಗಾರಿಗಳ ತಾಯಂದಿರು ಹೊರಗುಳಿದರು. ಹಲವು ಸಣ್ಣ ಕಾಮಗಾರಿಗಳಿಗೆ ಸೇರಿ ವಾರ್ಡಿಗೊಂದು ಶಿಶುವಿಹಾರ ನಡೆಸುವುದು ನಗರಾಡಳಿತಕ್ಕೆ ಅಸಾಧ್ಯವೇನಲ್ಲ.

ಕೇರಳ 2010ರಲ್ಲಿಯೇ ವಲಸೆ ಕಾರ್ಮಿಕರ ಕಲ್ಯಾಣ ಯೋಜನೆಯನ್ನೂ 2017ರಲ್ಲಿ ‘ಆವಾಜ್’ ವಿಮೆಯನ್ನೂ ಆರಂಭಿಸಿತು. ಅಲ್ಲಿ ಬಳಕೆಗೆ ಬಂದ ‘ಅತಿಥಿ ಕಾರ್ಮಿಕ’ ಎಂಬ ಗೌರವದ ಹೆಸರನ್ನು ಮಾತ್ರ ವಿಮರ್ಶೆಯಿಂದಲೇ ಸ್ವೀಕರಿಸಬೇಕು. ಜನಪದ ಸಂಸ್ಕೃತಿಯಲ್ಲಿ ಅತಿಥಿಗೆ ಊಟ, ಆದರಗಳಿವೆ. ಪಂಚಾಯಿತಿ ಕಟ್ಟೆಯಲ್ಲಿ ಮಾತಿಲ್ಲ. ಆದರ ಕೊಡುವವನ ಔದಾರ್ಯ. ಹಕ್ಕು ಪಡೆಯುವವನ ಸ್ವತ್ತು. ಮಹಾರಾಷ್ಟ್ರ, ಗೋವಾ, ತೆಲಂಗಾಣಗಳೊಂದಿಗೆ ಕರ್ನಾಟಕ ಮಾಡಿಕೊಳ್ಳಬೇಕಾದ ಒಪ್ಪಂದಗಳು ಈ ತಿಳಿವಳಿಕೆಯ ಮೇಲೆ ನಿಲ್ಲಬೇಕು. 2012ರಲ್ಲಿ ಒಡಿಶಾ ಮತ್ತು ಆಂಧ್ರಪ್ರದೇಶಗಳು ಇಟ್ಟಿಗೆ ಭಟ್ಟಿ ಕಾರ್ಮಿಕರ ಕುರಿತು ಇಂಥ ಒಪ್ಪಂದ ಮಾಡಿಕೊಂಡ ನಿದರ್ಶನವಿದೆ.

ಕೊನೆಯದಾಗಿ, ಖರ್ಚಿಲ್ಲದ ಒಂದು ಕ್ರಮವಿದೆ. ಗುಳೆ ಹೆಚ್ಚಿರುವ ತಾಲೂಕುಗಳಲ್ಲಿ ವರ್ಷದ ಮುಖ್ಯ ಗ್ರಾಮಸಭೆಯನ್ನು ಯುಗಾದಿ ಅಥವಾ ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಕಡ್ಡಾಯವಾಗಿ ನಡೆಸಬೇಕು. ಜನ ಯಾವಾಗ ಮರಳುತ್ತಾರೆಂಬುದನ್ನು ಅವರ ಪಂಚಾಂಗ ಹೇಳುತ್ತದೆ. ಆಡಳಿತದ ಪಂಚಾಂಗ ಅದನ್ನು ಅನುಸರಿಸಿದರೆ ಸಾಕು.

ಒಟ್ಟಾರೆಯಾಗಿ, ಗುಳೆಯನ್ನು ತಡೆಯುವ ನೀತಿಯಿಂದ ಗುಳೆ ಹೋದವರನ್ನು ಕಾಯುವ ನೀತಿಯತ್ತ ರಾಜ್ಯ ಸಾಗಬೇಕಾಗಿದೆ. ಬರಪೀಡಿತ ತಾಲೂಕುಗಳಲ್ಲಿ ನೀರು, ಕೆಲಸ ಒದಗಿಸುವ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಉಳಿಯುವುದೂ ಹೋಗುವುದೂ ಒತ್ತಾಯದ ಫಲವಾಗದೆ ಆಯ್ಕೆಯಾಗಬೇಕಾದರೆ ಎರಡೂ ಬೇಕು. ಜಾನಪದ ಅಧ್ಯಯನವು ಊರಿನ ಎಲ್ಲೆಯನ್ನು ದಾಟಿ ಷೆಡ್ಡು, ಟೋಳಿ, ಭಟ್ಟಿಗಳನ್ನು ತನ್ನ ಕ್ಷೇತ್ರವಾಗಿ ಸ್ವೀಕರಿಸಿದರೆ ಇಂಥ ನೀತಿಗೆ ಬೇಕಾದ ತಿಳಿವಳಿಕೆಯನ್ನು ಅದು ಒದಗಿಸಬಲ್ಲದು. ಯಾರನ್ನೂ ಹಿಂದೆ ಬಿಡಬಾರದು, ಹೊರಟವರೆಲ್ಲ ಮರಳುವಂತಿರಬೇಕು ಎಂಬ ಹೊರಬೀಡಿನ ನಿಯಮಗಳನ್ನು ಜನರು ಬಹ���ಕಾಲದಿಂದ ಆಚರಿಸುತ್ತ ಬಂದಿದ್ದಾರೆ. ಅವುಗಳಿಗೆ ಶಾಸನದ ಬಲ ನೀಡುವ ಕೆಲಸ ಬಾಕಿಯಿದೆ.